ಮೆಣಸಿನ ಹೊಳೆ

ಈ ಸಂಚಿಕೆಗೆ ‘ನಮ್ಮೂರ ಹೊಳೆ’ ಅಂತ ವಿಷಯ ಕೊಟ್ಟಿದ್ದೆವು. ಹದಿನೇಳು ಜನ ಕಳಿಸಿದರು, ಅದರಲ್ಲಿ ಹನ್ನೊಂದು ಜೋಗದ ಫೋಟೋ! ಎಲ್ಲರೂ ಒಂದೇ ಕಟಕಟೆಗೆ ಒರಗಿ ತೆಗೆದ ಹಾಗಿವೆ. ತಪ್ಪೇನಿಲ್ಲ ಬಿಡಿ. ನಾನೂ ಸಾಗರದ ಕಡೆಯವನೇ, ನಮ್ಮನೆ ಗೋಡೆಯ ಮೇಲೂ ಅದೇ ಫೋಟೋ ಇದೆ. ಆದರೆ ಶರಾವತಿ ಅಂದರೆ ಜೋಗ, ಇಲ್ಲದಿದ್ದರೆ ಕರೆಂಟು, ಅಷ್ಟಕ್ಕೇ ನಿಂತುಬಿಟ್ಟಿದ್ದೇವೆ ಅನ್ನಿಸಿತು.

ಕರೆಂಟಿಗಿಂತ ಮೊದಲು ಈ ಹೊಳೆ ಮೆಣಸು ಹೊರುತ್ತಿತ್ತು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಹೊಳೆಯಲ್ಲಿ ದೋಣಿ ಹೇಗೆ ಸಾಗಬೇಕು ಅಂತೀರಾ? ಘಟ್ಟದ ಮೇಲೆ ಆ ಕೆಲಸ ಎತ್ತುಗಳದ್ದು. ಬೆನ್ನ ಮೇಲೆ ಹೇರು ಹೊತ್ತು ಘಟ್ಟ ಇಳಿದು ಗೇರುಸೊಪ್ಪೆಗೆ ಬರುತ್ತಿದ್ದವು. ಅಲ್ಲಿಂದ ಕೆಳಗೆ ಹೊಳೆ ಅಗಲ, ಸಮಾಧಾನದ ಹರಿವು, ಕಡಲಿನ ಉಬ್ಬರ ಬೇರೆ. ಹೊನ್ನಾವರದವರೆಗೆ ಸುಮಾರು ಮೂವತ್ತು ಕಿಲೋಮೀಟರ್ ದೋಣಿಯ ದಾರಿ. ಕೆಳಗಿಳಿದದ್ದು ಮೆಣಸು, ಅಕ್ಕಿ. ಮೇಲೆ ಹತ್ತಿದ್ದು ಉಪ್ಪು.

16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದವಳು ರಾಣಿ ಚೆನ್ನಭೈರಾದೇವಿ. ಅರ್ಧ ಶತಮಾನ ಆಳಿದಳು. ಪೋರ್ಚುಗೀಸರಿಗೆ ಮೆಣಸು ಬೇಕೇ ಬೇಕು, ಅದು ಸಿಗುವುದು ಇವಳ ನಾಡಿನಲ್ಲಿ. ಜಗಳವಾಡಿದರು, 1569ರಲ್ಲಿ ಹೊನ್ನಾವರದ ಮೇಲೆ ದಾಳಿಯನ್ನೂ ಮಾಡಿದರು, ಆದರೂ ವ್ಯಾಪಾರ ಬಿಡಲಿಲ್ಲ. ಅವರು ಅವಳನ್ನು ಕರೆದದ್ದೇ ‘ಮೆಣಸಿನ ರಾಣಿ’ ಅಂತ. ತಮಾಷೆ ನೋಡಿ: ಆಗ ನಮ್ಮಲ್ಲಿ ಮೆಣಸು ಅಂದರೆ ಕಾಳುಮೆಣಸು ಒಂದೇ. ಅದನ್ನು ಕೊಳ್ಳಲು ಬಂದ ಪೋರ್ಚುಗೀಸರೇ ಅಮೆರಿಕದ ಕಡೆಯಿಂದ ಇನ್ನೊಂದು ಖಾರ ತಂದರು. ನಾವು ಅದಕ್ಕೆ ಹಳೇ ಹೆಸರನ್ನೇ ಹಚ್ಚಿ ಮೆಣಸಿನಕಾಯಿ ಅಂದೆವು. ಈಗ ಸುಮ್ನೆ ‘ಮೆಣಸು’ ಅಂದರೆ ‘ಯಾವ ಮೆಣಸು?’ ಅಂತ ಕೇಳಬೇಕು.

ಗೇರುಸೊಪ್ಪೆಯನ್ನು ಮುಗಿಸಿದ್ದು ಮಾತ್ರ ಪೋರ್ಚುಗೀಸರಲ್ಲ, ನಮ್ಮ ಸಾಗರದ ಹತ್ತಿರದ ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕ. ಅಂದರೆ ನಮ್ಮವರೇ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಹೊಳೆಯ ಚೆಂದವನ್ನು ಬಾಯ್ತುಂಬ ಹೊಗಳಿ ಬರೆದಿದ್ದಾನೆ. ಊರು ಆಗಲೇ ಹಾಳುಬಿದ್ದಿತ್ತು, ಅರಮನೆಯ ಜಾಗದಲ್ಲಿ ಮರ ಬೆಳೆದಿದ್ದವು. ಇಂದು ಆ ಹಳೇ ಊರಿದ್ದ ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. ಜೋಗ ನೋಡಿ ಹೊನ್ನಾವರಕ್ಕೆ ಇಳಿಯುವವರು ಅದರ ಹತ್ತಿರದಲ್ಲೇ ಹಾದು ಹೋಗುತ್ತಾರೆ. ನಾನೂ ಎಷ್ಟೋ ಸಲ ಹಾಗೇ ಹೋಗಿದ್ದೇನೆ.

ಶಾಲೆಯಲ್ಲಿ ನಮಗೆ ವೆಂಕಟಪ್ಪ ನಾಯಕ ಶೂರ. ನಮ್ಮ ಸಮಿತಿಯಲ್ಲಿರುವ ಹೊನ್ನಾವರದ ಅಕ್ಕ ಒಬ್ಬರಿಗೆ ಹಾಗಲ್ಲ. “ನಿಮ್ಮ ಘಟ್ಟದ ಮೇಲಿನವರೇ ಅಲ್ವಾ ಮಾರಾಯ್ರೆ, ನಮ್ಮ ರಾಣಿಯನ್ನು ಹಿಡ್ಕೊಂಡು ಹೋಗಿದ್ದು?” ಅಂತ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ನಾನು ಚಹಾ ತರುವ ನೆಪದಲ್ಲಿ ಏಳುತ್ತೇನೆ.

ಆಮೇಲೆ ರಸ್ತೆ, ರೈಲು ಬಂದವು, ಸರಕು ಬೇರೆ ದಾರಿ ಹಿಡಿಯಿತು, ಕೆಳಗಿನ ದೋಣಿಯ ದಾರಿ ಬರಿದಾಯಿತು. ಘಟ್ಟದ ಮೇಲಿನ ನಮ್ಮ ಕಥೆ ಉಲ್ಟಾ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು, ಎಷ್ಟೋ ಊರು ಮುಳುಗಿ, ಹೊಳೆ ಹೊಳೆಯಾಗಿ ಉಳಿಯದೇ ಹಿನ್ನೀರಾದ ಮೇಲೆ ನಮಗೆ ಲಾಂಚ್ ಬಂತು. ಅಜ್ಜಿ ಮನೆ ಹಿನ್ನೀರಿನಾಚೆ ತುಮರಿ ಕಡೆ. ಬಸ್ಸೂ ನಾವೂ ಒಂದೇ ಲಾಂಚಿನಲ್ಲಿ ದಾಟುತ್ತಿದ್ದೆವು. “ಈ ನೀರಿನಡಿ ನಮ್ಮ ಗದ್ದೆ” ಅಂತ ಅಜ್ಜಿ ಕೈ ತೋರಿಸುತ್ತಿದ್ದರು. ನನಗೆ ಬರೀ ನೀರು ಕಾಣುತ್ತಿತ್ತು.

2025ರ ಜುಲೈನಲ್ಲಿ ಅಲ್ಲಿ 2.44 ಕಿಲೋಮೀಟರ್ ಉದ್ದದ ಸಿಗಂದೂರು ಸೇತುವೆ ತೆರೆಯಿತು. ದ್ವೀಪದ ಹಾಗಿದ್ದ ಊರುಗಳಿಗೆ ದೊಡ್ಡ ಅನುಕೂಲ, ಎರಡು ಮಾತಿಲ್ಲ. ಹೋದ ರಜೆಯಲ್ಲಿ ದಾಟಿದೆ. ಮಗಳಿಗೆ ಲಾಂಚಿನ ಕಥೆ ಹೇಳಲು ಶುರು ಮಾಡಿದ್ದೆ, ಮುಗಿಯುವ ಮೊದಲೇ ಆಚೆ ದಡ ಬಂದುಬಿಟ್ಟಿತು.

ನಿಮ್ಮ ಮನೆಯಲ್ಲಿ ಹೇರೆತ್ತು, ಉಪ್ಪಿನ ಮೂಟೆ, ಘಟ್ಟ ಇಳಿದ ಅಜ್ಜಂದಿರ ಸುದ್ದಿ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಜೋಗದ ಫೋಟೋ ಸದ್ಯಕ್ಕೆ ಸಾಕು.