ಬಚ್ಚಲ ಬಾಗಿಲು ಮೂರಡಿ ಇರಲಿ

ಸಂಪಾದಕರಿಗೆ,

ಮಾನ್ಯರೆ,

ಹದಿನಾಲ್ಕು ವರ್ಷದ ಹಿಂದೆ ಮೈಸೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸಿದೆವು. ಮುಂಬಾಗಿಲ ತೇಗಕ್ಕೆ, ಅಡುಗೆಮನೆಯ ಗ್ರಾನೈಟಿಗೆ ವಾರಗಟ್ಟಲೆ ಅಲೆದೆವು. ಬಚ್ಚಲ ಬಾಗಿಲಿಗೆ "ಎರಡೂವರೆ ಅಡಿ ಸಾಕಲ್ವಾ ಸಾರ್?" ಎಂದು ಮೇಸ್ತ್ರಿ ಕೇಳಿದಾಗ ಮಾತ್ರ ತಲೆಯೆತ್ತಿಯೂ ನೋಡದೆ ಹೂಂ ಅಂದುಬಿಟ್ಟೆ.

ಹೋದ ವರ್ಷ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಗಾಲಿಕುರ್ಚಿಯಲ್ಲಿ ಮನೆಗೆ ಕರೆತಂದ ದಿನವೇ ನನ್ನ ತಪ್ಪು ಗೊತ್ತಾಯಿತು. ಎರಡೂವರೆ ಅಡಿ ಎಂಬುದು ಚೌಕಟ್ಟಿನ ಹೊರ ಅಳತೆ. ಎರಡು ಬದಿಯ ಮರ ಕಳೆದರೆ ಉಳಿಯುವುದು 24 ಇಂಚು. ಕುರ್ಚಿಯ ಅಗಲ 26. ಆ ಎರಡು ಇಂಚಿಗಾಗಿ ಪ್ರತಿ ಸಲ ಕುರ್ಚಿಯನ್ನು ಹೊರಗೇ ನಿಲ್ಲಿಸಿ, ನಾನೂ ಹೆಂಡತಿಯೂ ಅಮ್ಮನ ಕಂಕುಳಿಗೆ ಕೈಕೊಟ್ಟು ಎತ್ತಿ, ಬಚ್ಚಲ ಕಟ್ಟೆ ದಾಟಿಸಬೇಕಿತ್ತು. ಅಮ್ಮ ಸಂಜೆ ಐದರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಗದರಿದರೆ, "ರಾತ್ರಿ ನಿಮ್ಮನ್ನ ಎಬ್ಬಿಸಬೇಕಾಗತ್ತಲ್ಲಪ್ಪ" ಅಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಕೊನೆಗೆ ಚೌಕಟ್ಟು ಕೀಳಿಸಿ ಗೋಡೆ ಒಡೆಸಿದೆವು. ಹಿಡಿದು ಏಳಲು ಸ್ಟೀಲ್ ಕಂಬಿ ಹಾಕಿಸಹೋದರೆ, ಒಳಗೆ ಪೊಳ್ಳಾದ ಹಾಲೋ ಬ್ಲಾಕ್ ಗೋಡೆಯಲ್ಲಿ ಬೋಲ್ಟ್ ಕಚ್ಚಲೇ ಇಲ್ಲ. ಕಮೋಡಿನ ಪಕ್ಕದ ಅದೊಂದು ಗೋಡೆಯನ್ನು ಸಾಲಿಡ್ ಬ್ಲಾಕಿನಲ್ಲಿ ಎಬ್ಬಿಸಿದ್ದರೆ ಆಗ ಹೆಚ್ಚಿನ ಖರ್ಚೇನೂ ಬರುತ್ತಿರಲಿಲ್ಲ.

ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಪಾಯ ಒಂದೂವರೆ ಅಡಿ ಎತ್ತರವಿದ್ದರೆ 18 ಅಡಿ ಉದ್ದದ ಇಳಿಜಾರು ಬೇಕು. ಮನೆ ಕಟ್ಟಿದ ಮೇಲೆ ಆ ಜಾಗ ಎಲ್ಲಿಂದ ತರುವುದು? ಪ್ಲಾನು ಹಾಕುವಾಗಲೇ ಯೋಚಿಸಿದರೆ ಪಕ್ಕದ ಓಣಿಯಲ್ಲಿ ಹೊಂದಿಸಬಹುದು. ಈಗಂತೂ ಹೊಸ ಬಡಾವಣೆಗಳಲ್ಲಿ ಕೆಳಗೆಲ್ಲ ಕಾರಿಗೆ, ಜನ ಇರುವುದು ಮೆಟ್ಟಿಲು ಹತ್ತಿ ಮೇಲೆ. ಕೆಳಗೆ ಒಂದು ಕೋಣೆ, ಒಂದು ಬಚ್ಚಲು ಉಳಿಸಿಕೊಂಡರೆ ಇಂದು ಅದು ಮಕ್ಕಳ ಓದುವ ಕೋಣೆ, ನಾಳೆ ಬಾಣಂತಿಯದು, ಮುಂದೆ ನಮ್ಮದೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಚೇರಿ, ಆಸ್ಪತ್ರೆ, ಅಂಗಡಿಗಳ ಬಾಗಿಲವರೆಗೆ ಬಂದಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬಾಗಿಲಿನ ಅಗಲ 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರಡಿ, ಎಂದೂ ಇದೆ. ಆದರೆ ನಾವು ಸ್ವಂತಕ್ಕೆ ಕಟ್ಟಿಕೊಳ್ಳುವ ಮನೆಗೆ ಇದನ್ನು ಯಾರೂ ಕೇಳುವುದಿಲ್ಲ. ಮುದುಕರು ದಿನದ ಬಹುಪಾಲು ಕಳೆಯುವುದು ಅಲ್ಲೇ ಅಲ್ಲವೇ?

ಮನೆಯ ಸುತ್ತ ಬಿಟ್ಟ ಜಾಗ (ಸೆಟ್‌ಬ್ಯಾಕ್) ಎಷ್ಟು, ಮಳೆನೀರು ಕೊಯ್ಲು ಇದೆಯೇ ಎಂದು ನೋಡಿ ನಕ್ಷೆ ಮಂಜೂರು ಮಾಡುವ ಪಾಲಿಕೆ, ಪ್ರಾಧಿಕಾರಗಳು ಇನ್ನೊಂದು ಸಾಲು ಸೇರಿಸಲಿ: ನೆಲಮಹಡಿಯಲ್ಲಿ, ಚೌಕಟ್ಟಿನ ಒಳಗೆ ಮೂರಡಿ ಸಿಗುವ ಬಾಗಿಲಿನ ಒಂದು ಬಚ್ಚಲು ಇದೆಯೇ? ಈಗ ಪಾಯ ತೆಗೆಸುತ್ತಿರುವವರು ಆ ನಿಯಮಕ್ಕೆ ಕಾಯದೆ, ಚೌಕಟ್ಟು ಕೂರಿಸುವ ದಿನ ಟೇಪು ಹಿಡಿದು ತಾವೇ ಅಳೆದು ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

– ಓದುಗ, ಮೈಸೂರು