ಯಾರ ಮುಂದೆ ಮೊಣಕಾಲೂರುವುದು?

ಫೆಬ್ರುವರಿ 18ರ ವಿಭೂತಿ ಬುಧವಾರದಂದು ಆರಂಭವಾದ ಕ್ರೈಸ್ತರ ತಪಸ್ಸುಕಾಲವೂ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಗಳ ದಿನಗಳು) ಮುಸ್ಲಿಮರ ರಂಜಾನ್ ಮಾಸವೂ ಈ ವರ್ಷ, 2026ರಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಿರುವುದರಿಂದ, ಕೊಲ್ಲಿ ನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಸಂಘದ ಅನೇಕ ಮನೆಗಳಲ್ಲಿ ಈಗ ಉಪವಾಸದ್ದೇ ಮಾತು. ಕರಾವಳಿಯ ಕಥೋಲಿಕ ಕ್ರೈಸ್ತರೂ ಬ್ಯಾರಿ ಮುಸ್ಲಿಮರೂ ನಮ್ಮ ಸದಸ್ಯರಲ್ಲಿದ್ದಾರೆ. ಶಿವರಾತ್ರಿಯ ಜಾಗರಣೆ ಮುಗಿಸಿದವರಿಗೂ ಉಪವಾಸ ಹೊಸತಲ್ಲ. ಆದ್ದರಿಂದ ಅದರ ಮಹಿಮೆಯನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ದೇವರ ಮೇಲಿನ ಭಯಭಕ್ತಿ ತುಂಬಿ ತುಳುಕುತ್ತಿರುವಾಗಲೂ ಮನುಷ್ಯರ ಮೇಲಿನ ಗೌರವ ಹೇಗೆ ಬತ್ತಿಹೋಗಬಲ್ಲದು ಎಂಬುದನ್ನು ತಪಸ್ಸುಕಾಲದ ಆಚರಣೆಯ ಚರಿತ್ರೆಯೇ ತೋರಿಸುತ್ತದೆ. ಈ ಸಂಚಿಕೆಯಲ್ಲಿ ಅದನ್ನು ಓದುಗರ ಮುಂದಿಡಬೇಕೆನಿಸಿತು.

ಯೇಸು ಶಿಲುಬೆಗೇರಿದ್ದನ್ನು ನೆನೆಯುವ ಶುಭ ಶುಕ್ರವಾರದಂದು ಕಥೋಲಿಕ ಚರ್ಚುಗಳಲ್ಲಿ ಬಲಿಪೂಜೆ ಇರುವುದಿಲ್ಲ. ಹೊದಿಕೆಯನ್ನೂ ತೆಗೆದು ಬರಿದಾಗಿಸಿದ ಪೀಠದ ಮುಂದೆ ಗುರುಗಳು ಅಡ್ಡಬೀಳುತ್ತಾರೆ, ಜನರು ಮೊಣಕಾಲೂರುತ್ತಾರೆ. ಆಮೇಲೆ ಧರ್ಮಸಭೆಗಾಗಿ, ಪೋಪರಿಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ನಾಡನ್ನಾಳುವವರಿಗಾಗಿ ಎಂದು ಒಟ್ಟು 10 ಪ್ರಾರ್ಥನೆಗಳು ನಡೆಯುತ್ತವೆ. ಹಳೆಯ ಕ್ರಮದಲ್ಲಿ ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಯೊಂದಕ್ಕೆ ಮಾತ್ರ ಯಾರೂ ಮೊಣಕಾಲೂರುತ್ತಿರಲಿಲ್ಲ. ಸಾಲದೆಂಬಂತೆ, ಅವರ ಒಳಿತಿಗೆಂದು ಮಾಡುವ ಪ್ರಾರ್ಥನೆಯಲ್ಲಿಯೇ ಅವರನ್ನು ಹೀಗಳೆಯುವ ವಿಶೇಷಣವೊಂದು ಸೇರಿಕೊಂಡಿತ್ತು. ಶತಮಾನಗಳ ಕಾಲ ಇದು ಹೀಗೆಯೇ ನಡೆದುಬಂತು. ಹಾಗೆ ನಡೆಸಿಕೊಂಡು ಬಂದವರು ಭಕ್ತಿಯಲ್ಲಿ ನಮಗಿಂತ ಹಿಂದಿದ್ದವರೇನಲ್ಲ. ಇಂದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ ಕಡ್ಡಾಯವಾಗಿರುವ ಉಪವಾಸವನ್ನು ಅವರು ತಪಸ್ಸುಕಾಲದುದ್ದಕ್ಕೂ ಆಚರಿಸುತ್ತಿದ್ದರು. ನನ್ನನ್ನು ಕಾಡುವುದು ಇದೇ. ಅಷ್ಟು ಕಠಿಣವಾದ ವ್ರತವೂ ಆ ಒಂದು ತಿರಸ್ಕಾರವನ್ನು ಕರಗಿಸಲಿಲ್ಲ. ಪೂಜಾವಿಧಿಯ ಆಶ್ರಯ ಸಿಕ್ಕಿದ್ದರಿಂದ ಅದು ತಿರಸ್ಕಾರವೆಂದು ಬಹುಮಂದಿಗೆ ತೋರಲೂ ಇಲ್ಲ.

1955ರಲ್ಲಿ ಪೋಪ್ 12ನೆಯ ಪಿಯುಸ್ ಅವರು ಆ ಪ್ರಾರ್ಥನೆಗೂ ಮೊಣಕಾಲೂರುವ ಕ್ರಮವನ್ನು ತಂದರು. 1959ರಲ್ಲಿ ಪೋಪ್ 23ನೆಯ ಜಾನ್ ಅವರು ಆ ವಿಶೇಷಣವನ್ನು ತೆಗೆದುಹಾಕಿಸಿದರು. 1970ರ ಪೂಜಾಗ್ರಂಥದಲ್ಲಿ ಪ್ರಾರ್ಥನೆಯನ್ನೇ ಹೊಸದಾಗಿ ಬರೆದು, ದೇವರು ಮೊದಲು ಮಾತನಾಡಿದ್ದು ಯೆಹೂದ್ಯರೊಡನೆ ಎಂಬುದನ್ನು ನೆನೆಯಲಾಯಿತು.

ಶುಭ ಶುಕ್ರವಾರದ ಹಿಂದಿನ ದಿನದ, ಪವಿತ್ರ ಗುರುವಾರದ ವಿಧಿಯಂತೂ, ಯೇಸು ತನ್ನ ಶಿಷ್ಯರ ಪಾದ ತೊಳೆದುದರ ನೆನಪಿಗೆ ಗುರುಗಳು ಜನರ ಪಾದ ತೊಳೆಯುವ ವಿಧಿ, ಇನ್ನೂ ಈಚಿನವರೆಗೆ ನಿಯಮದ ಪ್ರಕಾರ ಗಂಡಸರಿಗೆ ಮೀಸಲಾಗಿತ್ತು. 2013ರಲ್ಲಿ ಪೋಪ್ ಫ್ರಾನ್ಸಿಸ್ ಅವರು ರೋಮಿನ ಬಾಲಾಪರಾಧಿಗಳ ಸೆರೆಮನೆಯೊಂದಕ್ಕೆ ಹೋಗಿ, 12 ಮಂದಿ ಯುವಕ ಯುವತಿಯರ ಪಾದ ತೊಳೆದರು. ಅವರಲ್ಲಿ ಮುಸ್ಲಿಮರೂ ಇದ್ದರು. ಸ್ತ್ರೀಯರ ಪಾದವನ್ನೂ ತೊಳೆಯಬಹುದೆಂದು ನಿಯಮ ತಿದ್ದುಪಡಿಯಾದದ್ದು 2016ರಲ್ಲಿ.

ಇದೆಲ್ಲ ರೋಮಿನ ಮಾತಾಯಿತು ಎನ್ನಬೇಡಿ. ಬೈಬಲಿನ ಯಕೋಬನ ಪತ್ರದಲ್ಲಿ ನಮ್ಮಂಥವರಿಗೆಂದೇ ಬರೆದಂತಿರುವ ಒಂದು ಪ್ರಸಂಗವಿದೆ: ಚಿನ್ನದುಂಗುರ ತೊಟ್ಟವನು ಸಭೆಗೆ ಬಂದರೆ ಅವನಿಗೆ ಒಳ್ಳೆಯ ಆಸನ ತೋರಿಸಿ, ಕೊಳಕು ಬಟ್ಟೆಯ ಬಡವನಿಗೆ ಅಲ್ಲೇ ನಿಲ್ಲೆಂದು ಹೇಳುವವರನ್ನು ಯಕೋಬನು ತರಾಟೆಗೆ ತೆಗೆದುಕೊಳ್ಳುತ್ತಾನೆ. ನಮ್ಮ ಸಮಾರಂಭಗಳ ಮುಂದಿನ ಸಾಲಿನ ಸೋಫಾಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಪ್ರಾಯೋಜಕರು ತಡವಾಗಿ ಬಂದರೂ ಅವು ಖಾಲಿಯಾಗಿಯೇ ಕಾದಿರುತ್ತವೆ. ಕಾರ್ಮಿಕರ ಕ್ಯಾಂಪಿನಿಂದ ಬಸ್ಸು ಹಿಡಿದು ಬಂದ ಕನ್ನಡಿಗರು ಹಿಂದಿನ ಗೋಡೆಗೊರಗಿ ನಿಂತೇ ನಾಟಕ ನೋಡಿ ಹೋಗುತ್ತಾರೆ. ಇಂಥ ಸಮಾರಂಭವನ್ನೂ ನಾವು ದೇವರ ಪ್ರಾರ್ಥನೆಯಿಂದಲೇ ಆರಂಭಿಸುತ್ತೇವೆ, ಅದೂ ಎಲ್ಲರನ್ನೂ ಎದ್ದು ನಿಲ್ಲಿಸಿ.

ಮಾರ್ಚ್ 19ರಂದು ಯುಗಾದಿ. ಆ ವೇಳೆಗೆ ತಪಸ್ಸುಕಾಲ ಇನ್ನೂ ಮುಗಿದಿರುವುದಿಲ್ಲ, ರಂಜಾನ್ ಕೊನೆಯ ದಿನಗಳಲ್ಲಿರುತ್ತದೆ. ಅಂದಿನ ಏರ್ಪಾಟುಗಳನ್ನು ಚರ್ಚಿಸಲು ಕಾರ್ಯಕಾರಿ ಸಮಿತಿ ಸೇರುವಾಗ ಮೂರು ಕೋರಿಕೆಗಳನ್ನು ಸಲ್ಲಿಸಲಿದ್ದೇನೆ. ಸೋಫಾಗಳನ್ನು ಬಾಡಿಗೆಗೆ ತರುವುದು ಬೇಡ. ಸಂಜೆಯ ಊಟವನ್ನು ಸೂರ್ಯಾಸ್ತದ ಮಗ್ರಿಬ್ ಬಾಂಗಿನ ನಂತರವೇ ಬಡಿಸೋಣ. ಉಪವಾಸವಿರುವ ಸದಸ್ಯರು ಇತರರು ಉಣ್ಣುವುದನ್ನು ನೋಡುತ್ತ ಕೂರುವಂತಾಗಬಾರದು. ಇನ್ನು, ಪ್ರತಿ ಸಲವೂ ತಳ ಹಿಡಿದ ಸಾರು, ಆರಿದ ಅನ್ನಕ್ಕೆ ಕೂರುವ ಅಡುಗೆಯವರಿಗೂ ಸಭಾಂಗಣ ಗುಡಿಸುವವರಿಗೂ ಈ ಸಲ ಮೊದಲ ಪಂಕ್ತಿಯಲ್ಲಿ ಎಲೆ ಹಾಕೋಣ, ಬಡಿಸುವ ಕೆಲಸವನ್ನು ಪದಾಧಿಕಾರಿಗಳು ವಹಿಸಿಕೊಳ್ಳಲಿ.