ಪಿಗ್ಮಿಯವರು ಬಂದ್ರಾ?

ಪ್ರೀತಿಯ ಓದುಗರೇ,

ಈ ಸಲ ಊರಿಗೆ ಹೋದಾಗ ಅಮ್ಮನ ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ, ಹಳೆಯ ಪಿಗ್ಮಿ ಪುಸ್ತಕಗಳ ಕಟ್ಟೊಂದು ಸಿಕ್ಕಿತು. ಪಿಗ್ಮಿ ಅಂದರೆ ದಿನವೂ ಮನೆಬಾಗಿಲಲ್ಲೇ ಸ್ವಲ್ಪ ಸ್ವಲ್ಪ ಕೊಟ್ಟು ಕೂಡಿಡುವ ಉಳಿತಾಯ. ರಬ್ಬರ್ ಬ್ಯಾಂಡು ಕರಗಿ ರಟ್ಟಿಗೆ ಅಂಟಿಕೊಂಡಿತ್ತು. ಒಳಗೆ ಸಾಲು ಸಾಲು ತಾರೀಕು. ಅದರ ಮುಂದೆ 2 ರೂಪಾಯಿ, 5 ರೂಪಾಯಿ, ಪಕ್ಕದಲ್ಲೊಂದು ಪುಟ್ಟ ಸಹಿ.

ನಮ್ಮದು ಉಡುಪಿ ಹತ್ತಿರ, ಶಂಕರಪುರದ ಕಡೆ. ಅಮ್ಮ ಮಲ್ಲಿಗೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಮಾರುತ್ತಿದ್ದಳು. ಮದುವೆ ಸೀಸನ್ನಿನಲ್ಲಿ ಒಂದು ಅಟ್ಟೆ ಹೂವಿಗೆ ಒಳ್ಳೆಯ ರೇಟು. ಆಟಿ ತಿಂಗಳ ಮಳೆಯಲ್ಲಿ ಹೂವೇ ಕಮ್ಮಿ, ಆಗ ಪಿಗ್ಮಿ 2 ರೂಪಾಯಿಗೆ ಇಳಿಯುತ್ತಿತ್ತು. ಆದರೆ ಪಿಗ್ಮಿಯವರು ಬರುವುದು ಮಾತ್ರ ತಪ್ಪುತ್ತಿರಲಿಲ್ಲ. ಸಂಜೆ ಗೇಟಿನ ಹತ್ತಿರ ಸೈಕಲ್ ಬೆಲ್ಲು, ಕಂಕುಳಲ್ಲಿ ಕೊಡೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚೀಲ. "ಇವತ್ತು ಎಷ್ಟಕ್ಕ?" ಅಂತ ಕೇಳುತ್ತಿದ್ದರು, ಅಷ್ಟೇ. ಕಮ್ಮಿ ಕೊಟ್ಟರೆ ಮುಖ ಸಣ್ಣ ಮಾಡುತ್ತಿರಲಿಲ್ಲ. ಅಕ್ಕನ ಬೆಂಡೋಲೆ, ನನ್ನ ಕಾಲೇಜು ಫೀಸು ಎಲ್ಲಾ ಬಂದದ್ದು ಆ ಚೀಲದಿಂದ.

ಈ ಪಿಗ್ಮಿ ಹುಟ್ಟಿದ್ದು ಉಡುಪಿಯಲ್ಲೇ, 1928ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಣ್ಣ ಬ್ಯಾಂಕು ತೆರೆದಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ಕರಾವಳಿಯ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲ ಅದು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಜನ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು.

ದುಡ್ಡು ಉಳಿಸಿ ಅಂತ ಊರೂರಲ್ಲಿ ಭಾಷಣ ಮಾಡಬಹುದಿತ್ತು, ಅಲ್ವಾ? ಅವರು ಜನ ಹೇಗೆ ಬದುಕುತ್ತಾರೆ ಅಂತ ನೋಡಿದರು. ಅಂದಂದಿನ ಸಂಪಾದನೆ ಅಂದಂದೇ ಕರಗುವ ಮನೆಗಳು. ಎರಡಾಣೆ ಕಟ್ಟಲು ಪೇಟೆಗೆ ಹೋದರೆ ಅರ್ಧ ದಿನದ ಕೆಲಸ ಹೋಯಿತು. ಅದಕ್ಕೇ ಬ್ಯಾಂಕೇ ನಡೆದುಕೊಂಡು ಬಂತು. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದು ಇನ್ನೊಂದು ವಿಷಯ. ದುಡ್ಡು ಕೂಡಿಸುವವರಿಗೆ ಕಮಿಷನ್ ಸಿಗುತ್ತಿತ್ತು, ಅವರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತಿತ್ತು. ಮಳೆ ಸುರಿಯಲಿ, ಬಿಸಿಲು ಕಾಯಲಿ, ಅವರು ಬರಲೇಬೇಕು.

1969ರಲ್ಲಿ ಬ್ಯಾಂಕು ಸರಕಾರದ ಕೈಗೆ ಹೋಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡುಗಳಿಂದ ಹೆಸರು ಅಳಿಸಿತು. ಆದರೆ ಊರಿನ ನಮ್ಮ ಬೀದಿಗೆ ಇವತ್ತೂ ಸೊಸೈಟಿಯ ಪಿಗ್ಮಿಯವರು ಬರುತ್ತಾರೆ. ಸೈಕಲ್ ಹೋಗಿ ಸ್ಕೂಟರ್ ಬಂದಿದೆ, ಪುಸ್ತಕ ಹೋಗಿ ಕೈಯಲ್ಲಿ ಪುಟ್ಟ ಮೆಷಿನ್ನು.

ಇದನ್ನೆಲ್ಲ ಹೇಳಲು ಕಾರಣ ಇದೆ. ನಾಲ್ಕು ವರ್ಷದ ಹಿಂದೆ ರಾಜ್ಯೋತ್ಸವದ ದಿನ, ಹೊರದೇಶದಲ್ಲಿರುವ ನಾವು ಕನ್ನಡಿಗರೆಲ್ಲ ದುಡ್ಡು ಹಾಕಿ ಊರಿನ ಒಂದು ಕನ್ನಡ ಶಾಲೆಗೆ ಹತ್ತು ಕಂಪ್ಯೂಟರ್ ಕೊಟ್ಟೆವು. ಅದರ ಫೋಟೋ ಇದೇ ಪತ್ರಿಕೆಯ ಮುಖಪುಟದಲ್ಲಿತ್ತು. ಈ ಸಲ ಆ ಶಾಲೆಗೆ ಹೋಗಿದ್ದೆ. ಕೋಣೆಗೆ ಬೀಗ. ಒಳಗೆ ಹತ್ತಕ್ಕೂ ಹಳೆಯ ಬೆಡ್‌ಶೀಟು ಹೊದಿಸಿದ್ದರು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷ ಆಗಿದೆಯಂತೆ, ಕಲಿಸಲು ಮೇಷ್ಟ್ರಿಲ್ಲ. "ನೀವು ಬರ್ತೀರಿ ಅಂತ ಗೊತ್ತಿದ್ದರೆ ಧೂಳು ಹೊಡೆಸ್ತಿದ್ದೆ ಸಾರ್" ಅಂದರು ಹೆಡ್‌ಮಾಸ್ಟರು, ತಪ್ಪು ಮಾಡಿದವರ ಹಾಗೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಒಳ್ಳೆಯ ಮನುಷ್ಯನದೇನೂ ತಪ್ಪಿರಲಿಲ್ಲ. ಕೊಟ್ಟ ಮೇಲೆ ನಾವು ಒಂದು ದಿನವಾದರೂ ಫೋನ್ ಮಾಡಿ ವಿಚಾರಿಸಿದ್ದೇವಾ?

ಆ ಊರಿನಲ್ಲೇ ಬಿಸಿಎ ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿ ಇದ್ದಾಳೆ. ಸಂಬಳ ಸಿಕ್ಕರೆ ವಾರಕ್ಕೆ ಮೂರು ದಿನ ಬಂದು ಕಲಿಸುತ್ತೇನೆ ಅಂದಿದ್ದಾಳೆ. ಸುಮ್ನೆ ಸೇವೆ ಮಾಡು ಅಂತ ಅವಳಿಗೆ ಹೇಳುವುದು ಬೇಡ. ತಿಂಗಳು ತಿಂಗಳು ಸಂಬಳ ಕೊಡೋಣ, ಬ್ಯಾಟರಿಗೂ ಅದರಲ್ಲೇ ಒಂದಿಷ್ಟು ಎತ್ತಿಡೋಣ. ವಾರಕ್ಕೊಮ್ಮೆ ನಮ್ಮಲ್ಲೊಬ್ಬರು ವಿಡಿಯೋ ಕಾಲ್ ಮಾಡಿ ಮಕ್ಕಳ ಜೊತೆ ಮಾತಾಡೋಣ. ದೊಡ್ಡ ಚೆಕ್ಕು, ಬ್ಯಾನರು, ಫೋಟೋ ಈ ಸಲ ಬೇಡ. ಮನೆಗೆ ತಿಂಗಳಿಗೆ 10 ಡಾಲರ್ ಆದರೆ ಸಾಕು.

ಆನ್‌ಲೈನಿನಲ್ಲಿ ಕಳಿಸಿದರೆ ಆಗದಾ ಅಂತ ಕೆಲವರು ಕೇಳಿದ್ದೀರಿ. ಆಗುತ್ತದೆ. ಆದರೂ ಮೊದಲ ಒಂದು ವರ್ಷ ನಾನೇ ಮನೆಮನೆಗೆ ಬರುತ್ತೇನೆ, ಪ್ರತಿ ತಿಂಗಳ ಮೊದಲ ಶನಿವಾರ. ಆ ತಿಂಗಳು ಶಾಲೆಯಲ್ಲಿ ಏನು ನಡೆಯಿತು ಅಂತ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ. ಅಮ್ಮನ ಪುಸ್ತಕದ ಅಳತೆಯಲ್ಲೇ ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ಯಾವುದೋ ತಿಂಗಳು ಕೈ ಬಿಗಿ ಇದ್ದರೆ 2 ಡಾಲರೇ ಕೊಡಿ. ಅದನ್ನೇ ಬರೆದುಕೊಂಡು, ಮುಂದಿನ ತಿಂಗಳು ಮತ್ತೆ ಬರುತ್ತೇನೆ.